ಸಂಪಾದಕರ ಉತ್ತರ: ಒಂದೇ ಸಿನಿಮಾಕ್ಕೆ ಹತ್ತೂ ಒಂದೂ ಅಂಕ ಹೇಗೆ?

ಓದುಗರೊಬ್ಬರ ಪತ್ರ: “ಹದಿಮೂರರ ಮಗಳು, ಎಂಟರ ಮಗನ ಜತೆ ಕೂತು 2004ರ ‘ಎಲಾ ಎನ್‌ಚಾಂಟೆಡ್’ ನೋಡಿದೆ. ಯಾರು ಏನು ಹೇಳಿದರೂ ಮಾಡಲೇಬೇಕಾದ ಶಾಪ ಹೊತ್ತ ಹುಡುಗಿಯ ಕಥೆ. ಮೂವರೂ ನಕ್ಕೆವು. ಆಮೇಲೆ ನೋಡಿದವರ ಅಭಿಪ್ರಾಯಗಳನ್ನು ಓದಿದರೆ ಒಬ್ಬರು ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ, ಅವರ ಕೆಳಗಿನವರು ಒಂದು. ವಿಮರ್ಶಕರಲ್ಲಿ ಸುಮಾರು ಅರ್ಧ ಜನಕ್ಕೆ ಮಾತ್ರ ಹಿಡಿಸಿದೆ. ಇಂಥ ಸಿನಿಮಾಗಳ ವಿಷಯದಲ್ಲಿ ಯಾರ ಮಾತು ನಂಬಬೇಕು? ಮಗಳು ತಾನೂ ಬರೆಯುತ್ತೇನೆಂದು ಕೂತು ‘ಸೂಪರ್, ತುಂಬಾ ಇಷ್ಟ ಆಯ್ತು’ ಎಂದಷ್ಟೇ ಬರೆದು ಎದ್ದಳು. ಅವಳ ದೊಡ್ಡಪ್ಪ ‘ಅದೆಲ್ಲ ಚಿಕ್ಕ ಮಕ್ಕಳ ಸಿನಿಮಾ’ ಅಂದದ್ದಕ್ಕೆ ಮುಖ ಸಪ್ಪಗಾಗಿದೆ. ಅವಳಿಗೆ ಹೇಗೆ ಬರೆಯಲು ಹೇಳಿಕೊಡಲಿ? ಮಗನದು ಒಂದೇ ಪ್ರಶ್ನೆ: ‘ಕೊನೇಲಿ ಕನ್ನಡಿ ನೋಡ್ಕೊಂಡು ತನಗೆ ತಾನೇ ಹೇಳ್ಕೊಂಡ್ಲಲ್ಲಮ್ಮ, ಅದನ್ನ ಮೊದಲೇ ಯಾಕೆ ಹೇಳ್ಕೊಳ್ಳಲಿಲ್ಲ?’”

ಮಾನ್ಯರೇ,

ಮಗನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಉತ್ತರಿಸಲು ಕಥೆಯ ಅಂತ್ಯ ಹೇಳಲೇಬೇಕು. ಸಿನಿಮಾ ನೋಡದ ಓದುಗರು ನೋಡಿದ ಮೇಲೆಯೇ ಈ ಪುಟಕ್ಕೆ ಮರಳಿದರೆ ಒಳ್ಳೆಯದು.

ಮೊದಲು ಅಂಕಿಗಳ ಮಾತು. ‘ಅರ್ಧ ಜನಕ್ಕೆ ಹಿಡಿಸಿದೆ’ ಎಂದು ನೀವು ಬರೆದಿರುವುದು ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮೆಟೋಸ್‌ನ ಶೇಕಡಾ ಅಂಕಿ ಇರಬೇಕು. ಅದು ಸಿನಿಮಾಕ್ಕೆ ಬಿದ್ದ ಅಂಕವಲ್ಲ, ತಲೆ ಎಣಿಕೆ. ನೂರು ವಿಮರ್ಶಕರೂ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದು ಹತ್ತಕ್ಕೆ ಆರು ಕೊಟ್ಟರು ಅನ್ನಿ. ನೂರೂ ಮತ ಮೆಚ್ಚುಗೆಯ ಲೆಕ್ಕಕ್ಕೆ ಸೇರಿ ಶೇ. 100 ಬರುತ್ತದೆ. ಇನ್ನೊಂದು ಸಿನಿಮಾಕ್ಕೆ ಐವತ್ತು ಜನ ಹತ್ತು ಕೊಟ್ಟು ಐವತ್ತು ಜನ ನಾಲ್ಕು ಕೊಟ್ಟರೆ ಸರಾಸರಿ ಏಳು. ಆದರೆ ಶೇಕಡಾ ಅಂಕಿ ಬರೀ 50. ಅಲ್ಲಿ 60 ಮುಟ್ಟಿದರೆ ‘ತಾಜಾ’, ಅದಕ್ಕಿಂತ ಕೆಳಗೆ ‘ಕೊಳೆತದ್ದು’. ಹಾಗಾಗಿ ಅರ್ಧ ಜನ ಅಪ್ಪಿಕೊಂಡು ಅರ್ಧ ಜನ ಮುಖ ತಿರುಗಿಸಿದ ಸಿನಿಮಾಕ್ಕೆ ಕೊಳೆತ ಹಣ್ಣಿನ ಗುರುತು ಬೀಳುತ್ತದೆ, ಯಾರ ಮನಸ್ಸಿಗೂ ನಾಟದ ಸಾಧಾರಣ ಸಿನಿಮಾ ತಾಜಾ ಟೊಮೆಟೊದ ಗುರುತು ಹೊತ್ತು ಕೆಂಪಗೆ ಹೊಳೆಯುತ್ತದೆ. ಅಲ್ಲಿನ ಪ್ರೇಕ್ಷಕರ ಅಂಕಿಯೂ ಇದೇ ಜಾತಿಯದು: ಐದಕ್ಕೆ ಮೂರೂವರೆ ನಕ್ಷತ್ರ ಅಥವಾ ಮೇಲೆ ಕೊಟ್ಟವರೆಲ್ಲ ಮೆಚ್ಚಿದವರು. ಟಿಕೆಟ್ ಕೊಂಡದ್ದು ಖಚಿತವಾದವರ ಮತವನ್ನು ಬೇರೆಯಾಗಿ ಎಣಿಸುವ ಪದ್ಧತಿ ಶುರುವಾದದ್ದು 2019ರಲ್ಲಿ. 2004ರ ಸಿನಿಮಾಕ್ಕೆ ಆ ಜರಡಿ ಇಲ್ಲ. ಸಿನಿಮಾ ಮಾಹಿತಿಯ ಇನ್ನೊಂದು ಜಾಲತಾಣ ಐಎಂಡಿಬಿಯಲ್ಲಿ ನೋಡುಗರು ಕೊಡುವ ಹತ್ತರ ಅಂಕಿ ಸರಾಸರಿಯೇ ಆದರೂ ಎಲ್ಲ ಮತಕ್ಕೂ ಒಂದೇ ತೂಕ ಕೊಡುವ ಸರಾಸರಿಯಲ್ಲ. ಅಲ್ಲಿ ಅಂಕಿಗಿಂತ ಕೆಲಸಕ್ಕೆ ಬರುವುದು ಹತ್ತರಿಂದ ಒಂದರವರೆಗೆ ಯಾವ ಮೆಟ್ಟಿಲಲ್ಲಿ ಎಷ್ಟು ಮತ ಬಿದ್ದಿದೆ ಎಂದು ತೋರಿಸುವ ಪಟ್ಟಿ. ಉಬ್ಬು ನಡುವೆ ಒಂದೇ ಇದ್ದರೆ ಸಿನಿಮಾ ಸಾಧಾರಣ. ಮೇಲೊಂದು ಕೆಳಗೊಂದು ಉಬ್ಬಿದ್ದರೆ ಬೇರೆ ಬೇರೆ ನಿರೀಕ್ಷೆಯ ಎರಡು ಗುಂಪು ಬಂದು ಹೋಗಿದೆ ಎಂದರ್ಥ. ಹದಿಹರೆಯದ ಕಿನ್ನರಿ ಕಥೆಗಳಿಗೆ ಈ ಎರಡನೆಯ ಪಾಡು ಬರಲು ಕಾರಣಗಳಿವೆ.

ದೊಡ್ಡ ಕಾರಣ ಪುಸ್ತಕ. ಈ ಸಿನಿಮಾಕ್ಕೆ ಆಧಾರವಾದ ಗೇಲ್ ಕಾರ್ಸನ್ ಲೆವಿನ್ ಅವರ ಕಾದಂಬರಿ ಬಂದದ್ದು 1997ರಲ್ಲಿ, ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ಗೌರವವಾದ ನ್ಯೂಬೆರಿ ಆನರ್ ಬಂತು. ಸಿನಿಮಾದ ಖಳನಾದ ರಾಜಕುಮಾರನ ಚಿಕ್ಕಪ್ಪ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನ ಮಾತಾಡುವ ಹಾವೂ ಇಲ್ಲ. ಪುಸ್ತಕದ ಎಲಾ ಭಾಷೆಗಳನ್ನು ಕಲಿಯುವುದರಲ್ಲಿ ಚುರುಕು, ಆ ಜಾಣತನವೇ ಅವಳನ್ನು ಅಪಾಯದಿಂದ ಪಾರುಮಾಡುತ್ತದೆ. ಶಾಪ ಮುರಿಯುವ ಬಗೆಯಂತೂ ಪೂರಾ ಬೇರೆ. ಅದನ್ನು ಹತ್ತು ಸಲ ಓದಿ ಮನಸ್ಸಿನಲ್ಲೇ ಚಿತ್ರಿಸಿಕೊಂಡವರು ಸಿನಿಮಾ ನೋಡಿ ಒಂದು ಅಂಕ ಕೊಟ್ಟರೆ ಅವರ ನೋವು ಸುಳ್ಳಲ್ಲ. ಆದರೆ ಅವರು ಅಳೆದಿರುವುದು ಪುಸ್ತಕಕ್ಕೂ ಸಿನಿಮಾಕ್ಕೂ ನಡುವಿನ ದೂರವನ್ನು. ಪುಸ್ತಕ ಓದದ ನಿಮ್ಮ ಮನೆಗೆ ಆ ದೂರ ಲೆಕ್ಕಕ್ಕೆ ಬರುವುದಿಲ್ಲ. ಮಗಳು ಕಾದಂಬರಿ ಓದುವುದಾದರೆ ಈಗ ಓದಲಿ. ಸಿನಿಮಾ ಮೊದಲು, ಪುಸ್ತಕ ಆಮೇಲೆ ಎಂಬ ಕ್ರಮವೇ ಲೇಸು: ಪುಸ್ತಕದ ಭಾರಕ್ಕೆ ಈ ಹಗುರ ಸಿನಿಮಾ ನಲುಗುತ್ತದೆ, ಸಿನಿಮಾದಿಂದ ಪುಸ್ತಕಕ್ಕೆ ಏನೂ ಆಗುವುದಿಲ್ಲ.

‘ಮೂಲ ಕಥೆ ಕೆಡಿಸಿದ್ದಾರೆ’ ಎಂಬ ಇನ್ನೊಂದು ದೂರು ಇಂಥ ಎಲ್ಲ ಸಿನಿಮಾಗಳಿಗೂ ಬರುತ್ತದೆ. ಅದಕ್ಕೆ ಬಲ ಕಡಿಮೆ. ಎಲಾಳ ಕಥೆ ಹುಟ್ಟಿದ್ದು ಸಿಂಡರೆಲಾ ಕಥೆಯಿಂದ. ಸಿಂಡರೆಲಾಳ ಗಾಜಿನ ಪಾದರಕ್ಷೆ, ಕುಂಬಳಕಾಯಿಯ ರಥ ಫ್ರೆಂಚ್ ಲೇಖಕ ಪೆರೋನ 1697ರ ಕಥೆಯವು. ಜರ್ಮನಿಯ ಗ್ರಿಮ್ ಸೋದರರ 1812ರ ಕಥೆಯಲ್ಲಿ ರಥವನ್ನು ಕೊಡುವ ಕಿನ್ನರಿಯೇ ಇಲ್ಲ, ತಾಯಿಯ ಸಮಾಧಿಯ ಮೇಲಿನ ಮರವಿದೆ. ಜಾನಪದ ವಿದ್ವಾಂಸೆ ಮೇರಿಯನ್ ರೋಲ್ಫ್ ಕಾಕ್ಸ್ 1893ರಲ್ಲಿ ಈ ಕಥೆಯ 345 ರೂಪಗಳನ್ನು ಒಟ್ಟು ಮಾಡಿದ್ದರು. ಇವುಗಳಲ್ಲಿ ಯಾವುದನ್ನು ಮೂಲವೆಂದು ಹಿಡಿಯುವುದು?

ಇನ್ನು ಹತ್ತಕ್ಕೆ ಹತ್ತು ಕೊಟ್ಟವರು. ಅವರಲ್ಲಿ ಬಹಳ ಜನ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಸಿನಿಮಾ ನೋಡಿ, ಈಗ ಮೂವತ್ತರ ಹತ್ತಿರ ನಿಂತು ಬರೆಯುವವರು. ಬಾಲ್ಯದ ಒಂದು ಸಂಜೆಗೂ ಅವರು ಅಂಕ ಕೊಟ್ಟಿರುತ್ತಾರೆ. ತಪ್ಪೇನಿಲ್ಲ, ನೀವು ಓದುವಾಗ ಅದನ್ನು ಕಳೆದುಕೊಂಡು ಓದಬೇಕು, ಅಷ್ಟೆ. ಹಾಗಾಗಿ ನಾಲ್ಕರಿಂದ ಏಳು ಅಂಕ ಕೊಟ್ಟವರ ಬರಹ ಮೊದಲು ಓದಿ. ಅವರಿಗೆ ಒಂದಿಷ್ಟು ಹಿಡಿಸಿರುತ್ತದೆ, ಒಂದಿಷ್ಟು ಇಲ್ಲ. ಯಾವುದು ಯಾಕೆ ಎಂದು ಬಿಡಿಸಿ ಹೇಳದೆ ಅವರಿಗೆ ಗತಿಯಿಲ್ಲ. ಓದುವಾಗ ಒಂದೇ ವಿಷಯ ಹುಡುಕಿ: ಇವರು ಸಿನಿಮಾವನ್ನು ಯಾವುದರ ಪಕ್ಕ ಇಟ್ಟು ಅಳೆದರು? ಪುಸ್ತಕದ ಪಕ್ಕವೋ, ನೆನಪಿನ ಪಕ್ಕವೋ, ದೊಡ್ಡವರ ಪ್ರೇಮಕಥೆಯ ಪಕ್ಕವೋ, ಮಕ್ಕಳ ಜತೆ ಕಳೆದ 96 ನಿಮಿಷದ ಪಕ್ಕವೋ? ಇದು ಗೊತ್ತಾಗದ ಬರಹವನ್ನು, ಅದು ಹೊಗಳಿಕೆಯೇ ಆಗಿರಲಿ, ಬಿಟ್ಟು ಮುಂದೆ ಹೋಗಿ.

ಈ ಸಿನಿಮಾವನ್ನೇ ಹಿಡಿದು ಹೇಳುತ್ತೇವೆ. ‘ಕಾಲ ಹೊಂದುವುದಿಲ್ಲ’ ಎಂಬುದು ಕೆಳಗಿನ ಅಂಕದವರ ಸಾಮಾನ್ಯ ಆಕ್ಷೇಪ. ರಾಜರ ಕಾಲದ ಪಟ್ಟಣದಲ್ಲಿ ಕೈಯಿಂದ ತಿರುಗಿಸುವ ಎಸ್ಕಲೇಟರ್ ಇದೆ, ರಾಜಕುಮಾರನನ್ನು ಕಂಡರೆ ಕಿರುಚುವ ಹುಡುಗಿಯರ ಅಭಿಮಾನಿ ಸಂಘವಿದೆ, ದೈತ್ಯರ ಮದುವೆಯಲ್ಲಿ ಕ್ವೀನ್ ಎಂಬ ರಾಕ್ ತಂಡದ 1976ರ ಹಾಡಿದೆ. ಇವು ಕೈತಪ್ಪಿ ನುಗ್ಗಿದವಲ್ಲ, ಬೇಕೆಂದೇ ಇಟ್ಟವು. ಆದ್ದರಿಂದ ಕೇಳಬೇಕಾದ್ದು ‘ಆ ಕಾಲದಲ್ಲಿ ಇದಿತ್ತೇ’ ಎಂದಲ್ಲ, ‘ಈ ತಮಾಷೆ ಕಥೆಯನ್ನು ಮುಂದಕ್ಕೆ ನೂಕುತ್ತದೆಯೇ’ ಎಂದು. ಹಾಗೆ ನೋಡಿದರೆ ಎಸ್ಕಲೇಟರ್ ಒಂದು ನಗೆಗೆ ಮುಗಿಯುತ್ತದೆ. ಅಭಿಮಾನಿ ಸಂಘ ಕೆಲಸ ಮಾಡುತ್ತದೆ: ಎಲ್ಲರೂ ಹಿಂದೆ ಬೀಳುವ ಹುಡುಗನನ್ನು ಈ ಒಬ್ಬಳು ಅರಮನೆಯ ಅನ್ಯಾಯಕ್ಕಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ ಎಂಬುದು ಆ ಕಿರುಚಾಟದ ಎದುರಿನಲ್ಲೇ ಎದ್ದು ಕಾಣುವುದು. ಮದುವೆಯ ಹಾಡು ಇನ್ನೂ ಮೇಲು, ಯಾಕೆಂದರೆ ‘ಹಾಡು’ ಎಂಬುದೂ ಅವಳಿಗೆ ಅಪ್ಪಣೆ.

ಸಿನಿಮಾದ ಜೀವ ಇರುವುದು ಇಲ್ಲಿ. ಶಾಪದ ನಿಯಮ ಒಂದೇ ಸಾಲಿನದು: ಹೇಳಿದ ಮಾತನ್ನು ಅಕ್ಷರಶಃ ಮಾಡಲೇಬೇಕು. ನಿಯಮ ಇಷ್ಟು ಚಿಕ್ಕದಾಗಿರುವುದರಿಂದಲೇ ಎಂಟು ವರ್ಷದ ಮಗುವೂ ಮುಂದೇನಾಗುತ್ತದೆಂದು ಮೊದಲೇ ಊಹಿಸಿ ನಗಬಲ್ಲದು. ಎಲಾ ಪಾತ್ರದ ಆ್ಯನ್ ಹ್ಯಾಥವೇ ಅಭಿನಯವನ್ನು ‘ಮುದ್ದಾಗಿದೆ’ ಎಂದು ಬರೆದವರು ನೂರಾರು. ಅವರು ಮಾಡುವುದೇನು ಎಂದು ಬರೆದವರು ಕಡಿಮೆ. ಅವರ ಮುಖ ಒಲ್ಲೆ ಎನ್ನುತ್ತದೆ, ಕೈಕಾಲು ಮಾಡಿಬಿಡುತ್ತವೆ. ಎರಡೂ ಒಂದೇ ಹೊತ್ತಿಗೆ ಕಾಣಬೇಕು. ಮುಖ ಮೊದಲೇ ಸೋತರೆ ನೋಡುವವರಿಗೆ ಬರೀ ಕನಿಕರ ಬರುತ್ತದೆ, ದೇಹ ತಡವರಿಸಿದರೆ ಶಾಪವೇ ಸುಳ್ಳೆನಿಸುತ್ತದೆ. ಮಲತಂಗಿಯ ಮಾತಿಗೆ ಅಂಗಡಿಯಲ್ಲಿ ಕದಿಯುವಾಗ ಇದು ನಗು ತರಿಸುತ್ತದೆ. ಅದೇ ಮಲತಂಗಿ ‘ಗೆಳತಿಯ ಸ್ನೇಹ ಕಡಿದುಕೋ’ ಎಂದಾಗ ಅದೇ ಯಂತ್ರ ತಿರುಗಿ ಕರುಳು ಹಿಂಡುತ್ತದೆ. ಒಂದೇ ನಿಯಮದಿಂದ ನಗುವನ್ನೂ ಅಳುವನ್ನೂ ತೆಗೆಯುವುದು ಹಗುರ ಹಾಸ್ಯದಲ್ಲಿ ಅಪರೂಪ. ಈ ಒಂದು ಗುಣಕ್ಕಾಗಿಯೇ ಸಿನಿಮಾ ನೋಡತಕ್ಕದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ದುರ್ಬಲ ಭಾಗವೂ ಇದೆ. ಕಿನ್ನರ ಕುಲದ ಎಲ್ಫ್‌ಗಳು ಹಾಡಿ ಕುಣಿಯುವ ಕೆಲಸ ಬಿಟ್ಟು ಬೇರೇನೂ ಮಾಡಕೂಡದೆಂಬ ಕಾನೂನು, ವಕೀಲನಾಗಬೇಕೆಂಬ ಆಸೆಯ ಎಲ್ಫ್, ಜೀತಕ್ಕೆ ಬಿದ್ದ ದೈತ್ಯರು, ಇಷ್ಟು ಗಟ್ಟಿಯಾದ ಅನ್ಯಾಯಗಳನ್ನು ಹರಡಿಟ್ಟು ಕೊನೆಯಲ್ಲಿ ಅವಸರದಲ್ಲಿ ಮಡಚಿಬಿಡುತ್ತಾರೆ. ಹಾವಿನ ಗ್ರಾಫಿಕ್ಸ್ ಇಂದಿನ ಕಣ್ಣಿಗೆ ಒರಟು. ಚಿಕ್ಕಪ್ಪನ ಪಾತ್ರ ಹೆದರಿಸುವುದೂ ಇಲ್ಲ, ಪೂರ್ತಿ ನಗಿಸುವುದೂ ಇಲ್ಲ; ಆ ಪಾತ್ರ ಮಾಡಿದ ಕ್ಯಾರಿ ಎಲ್ವೆಸ್ 1987ರ ‘ದಿ ಪ್ರಿನ್ಸೆಸ್ ಬ್ರೈಡ್’ನಲ್ಲಿ ಇದೇ ಬಗೆಯ ಕಥೆಗೆ ನಾಯಕರಾಗಿದ್ದವರೆಂದು ಬಲ್ಲವರಿಗೆ ಸಿಗುವ ಖುಷಿ ಮಕ್ಕಳಿಗೆ ದಾಟುವುದಿಲ್ಲ.

ಸಣ್ಣ ಮಕ್ಕಳಿಗೆ ಸರಿಯೇ ಎಂದು ಯೋಚಿಸುವ ಬೇರೆ ಓದುಗರಿಗಾಗಿ: ಅಮೆರಿಕದಲ್ಲಿ ಇದಕ್ಕೆ ಪಿಜಿ, ಅಂದರೆ ‘ಪೋಷಕರ ಮಾರ್ಗದರ್ಶನ ಬೇಕು’ ಎಂಬ ದರ್ಜೆ. ಆರಂಭದಲ್ಲೇ ತಾಯಿಯ ಸಾವು, ನಡುವೆ ನರಭಕ್ಷಕರ ಕೈಗೆ ಸಿಕ್ಕುವ ದೃಶ್ಯ, ಕೊನೆಯಲ್ಲಿ ಕಠಾರಿ. ಆರರ ಒಳಗಿನ ಮಕ್ಕಳ ಪಕ್ಕದಲ್ಲಿ ದೊಡ್ಡವರು ಕೂತಿರುವುದು ಮೇಲು.

ಈಗ ಮಗಳ ಬರಹ. ‘ಸೂಪರ್’ ಎಂದು ನಿಂತುಹೋಗುವುದಕ್ಕೆ ಕಾರಣ ಅವಳಲ್ಲಿ ಮಾತಿಲ್ಲದಿರುವುದಲ್ಲ, ಇಡೀ ಸಿನಿಮಾದ ಬಗ್ಗೆ ಒಂದೇ ಉಸಿರಿಗೆ ಹೇಳಲು ಹೊರಟಿರುವುದು. ಒಂದು ದಿನ ಬಿಟ್ಟು, ಸಿನಿಮಾ ಮತ್ತೆ ಹಾಕದೆ, ನೆನಪಿಗೆ ಬರುವ ಮೂರು ದೃಶ್ಯಗಳನ್ನು ಬರೆದುಕೊಳ್ಳಲಿ. ಮರೆತುಹೋದದ್ದು ಹೋಗಲಿ, ನೆನಪು ಆಗಲೇ ಅರ್ಧ ವಿಮರ್ಶೆ ಮಾಡಿರುತ್ತದೆ. ಆ ಮೂರರಲ್ಲಿ ಒಂದನ್ನು ಆರಿಸಿ, ಪರದೆಯ ಮೇಲೆ ಮೊದಲು ಏನು ಕಂಡಿತು, ಆಮೇಲೆ ಏನಾಯಿತು, ತಾನು ಯಾವ ಕ್ಷಣದಲ್ಲಿ ನಕ್ಕೆ ಎಂದು ಐದಾರು ವಾಕ್ಯ ಬರೆಯಲಿ. ಕಥೆಗೆ ಎರಡೇ ವಾಕ್ಯ, ಅದೂ ಮೊದಲ ಅರ್ಧ ಗಂಟೆಯದು ಮಾತ್ರ. ಹೊಸದಾಗಿ ಬರೆಯುವವರು ಜಾರುವುದೇ ಇಲ್ಲಿ: ಕಥೆ ಹೇಳುತ್ತಾ ಹೇಳುತ್ತಾ ಪುಟ ಮುಗಿದು ಅಭಿಪ್ರಾಯಕ್ಕೆ ಒಂದು ಸಾಲು ಉಳಿಯುತ್ತದೆ. ಹಾಸ್ಯವನ್ನು ವಿವರಿಸಲು ಹೋಗುವುದು ಇನ್ನೊಂದು ಎಡವಟ್ಟು. ನಗೆ ಹುಟ್ಟುವ ಸಂದರ್ಭವನ್ನಷ್ಟೇ ಹೇಳಿ, ಕೊನೆಯ ಪೆಟ್ಟನ್ನು ಓದುಗರಿಗೇ ಬಿಡಬೇಕು. ಹಿಡಿಸದ ಒಂದು ಅಂಶ, ಯಾರಿಗೆ ಹಿಡಿಸೀತು ಎಂಬ ಒಂದು ಸಾಲು. ಒಟ್ಟು ಇನ್ನೂರು ಪದ ಸಾಕು. ಅಂಕವನ್ನು ಕಟ್ಟಕಡೆಗೆ ಹಾಕಲಿ. ಮೊದಲೇ ಹಾಕಿದರೆ ಬರಹವೆಲ್ಲ ಆ ಅಂಕದ ವಕಾಲತ್ತಾಗುತ್ತದೆ.

ಮೂಲ ಭಾಷೆಯಲ್ಲಿ ನೋಡಿದವರಿಗೂ ಸಬ್‌ಟೈಟಲ್ ಓದಿ ನೋಡಿದವರಿಗೂ ಈ ಸಿನಿಮಾ ಒಂದೇ ಅಲ್ಲ. ಯಾವುದರಲ್ಲಿ ನೋಡಿದೆ ಎಂಬುದನ್ನೂ ಬರೆಯಲಿ. ನುಡಿಗಟ್ಟನ್ನು ಅಕ್ಷರಶಃ ಪಾಲಿಸುವುದೇ ಇಲ್ಲಿನ ತಮಾಷೆ, ಅನುವಾದದಲ್ಲಿ ಅದು ಸೋರಿಹೋಗುತ್ತದೆ. ಎಲಾಳಿಗೆ ಕನ್ನಡ ಬರುತ್ತಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳಿಬ್ಬರೂ ಯೋಚಿಸಿ ನೋಡಲಿ. ‘ಕಿವಿ ನಿಮಿರಿಸಿ ಕೇಳು’ ಎಂದರೆ? ‘ಗೋಳು ಹೊಯ್ದುಕೋ’ ಎಂದರೆ? ‘ಇದೊಂದು ತಪ್ಪನ್ನು ಹೊಟ್ಟೆಗೆ ಹಾಕಿಕೋ’ ಎಂದು ಯಾರಾದರೂ ಕ್ಷಮೆ ಕೇಳಿದರೆ? ಹೀಗೆ ಹತ್ತು ಮಾತು ಪಟ್ಟಿ ಮಾಡುವಷ್ಟರಲ್ಲಿ ಚಿತ್ರಕಥೆ ಬರೆದವರ ಕಷ್ಟ ಮಗಳಿಗೆ ತಾನಾಗಿ ತಿಳಿಯುತ್ತದೆ.

ದೊಡ್ಡಪ್ಪನವರಿಗೆ ಒಂದು ಮಾತು ಗೌರವದಿಂದ ತಿಳಿಸಿ. ‘ಚಿಕ್ಕ ಮಕ್ಕಳ ಸಿನಿಮಾ’ ಎಂಬುದು ಯಾರಿಗಾಗಿ ಮಾಡಿದ್ದು ಎಂದು ಹೇಳುತ್ತದೆ, ಹೇಗೆ ಮಾಡಿದ್ದಾರೆ ಎಂದು ಹೇಳುವುದಿಲ್ಲ. ‘ಮಾತು ಕೇಳುವ ಮಗು’ ಎಂಬ ಹೊಗಳಿಕೆಯನ್ನೇ ಶಾಪವಾಗಿ ತೋರಿಸುವ ಕಥೆ ದೊಡ್ಡವರಿಗೂ ಬೇಕಾದದ್ದೇ.

ಇನ್ನು ಮಗನ ಪ್ರಶ್ನೆ. ನಿಮ್ಮ ಪತ್ರದಲ್ಲಿರುವ ಅಭಿಪ್ರಾಯಗಳಲ್ಲೆಲ್ಲ ಹರಿತವಾದದ್ದು ಅದೇ. ಸಿನಿಮಾದಲ್ಲಿ ಎಲಾ ಚಿಕ್ಕಪ್ಪನ ಅಪ್ಪಣೆಯಂತೆ ರಾಜಕುಮಾರನನ್ನು ಕೊಲ್ಲಲು ಕಠಾರಿ ಎತ್ತಿ ನಿಂತಾಗ ಕನ್ನಡಿಯಲ್ಲಿ ತನ್ನನ್ನು ಕಂಡು, ಇನ್ನು ನೀನು ಯಾರ ಅಪ್ಪಣೆಯನ್ನೂ ಪಾಲಿಸಬೇಕಿಲ್ಲ ಎಂದು ತನಗೆ ತಾನೇ ಅಪ್ಪಣೆ ಕೊಡುತ್ತಾಳೆ. ಅಂದರೆ ಶಾಪದ ನಿಯಮದಿಂದಲೇ ಶಾಪವನ್ನು ಬಿಡಿಸಿಕೊಳ್ಳುತ್ತಾಳೆ. ಜಾಣ ಉಪಾಯವೇ, ಆದರೆ ಆ ಉಪಾಯ ಮೊದಲ ದಿನದಿಂದಲೂ ಅವಳ ಕೈಯಲ್ಲೇ ಇತ್ತಲ್ಲ! ಪುಸ್ತಕದಲ್ಲಿ ಈ ತೂತು ಇಲ್ಲ. ಅಲ್ಲಿ ರಾಜಕುಮಾರ ‘ನನ್ನನ್ನು ಮದುವೆಯಾಗು’ ಎನ್ನುತ್ತಾನೆ. ಒಪ್ಪಿದರೆ ತನ್ನ ಶಾಪದಿಂದ ಅವನಿಗೇ ಕೇಡೆಂದು ಅರಿತ ಎಲಾ ತನಗೂ ಬೇಕಾದ ಆ ಅಪ್ಪಣೆಯನ್ನು ಉಸಿರು ಬಿಗಿಹಿಡಿದು ನಿರಾಕರಿಸುತ್ತಾಳೆ. ಅದಕ್ಕೆ ಬೇಕಾದ ಬಲ ಅದಕ್ಕೂ ಮೊದಲು ಅವಳಲ್ಲಿ ಇರಲಿಲ್ಲ. ಸಿನಿಮಾದ ಪರವಾಗಿ ಹೇಳುವುದಾದರೆ, ಅಪ್ಪಣೆ ಕೊಡುವವರು ಯಾವಾಗಲೂ ಬೇರೆಯವರೇ ಆಗಿದ್ದ ಹುಡುಗಿಗೆ ತಾನೂ ಕೊಡಬಹುದೆಂದು ಹೊಳೆಯಲು ಅಷ್ಟು ದೊಡ್ಡ ಗಂಡಾಂತರವೇ ಬೇಕಾಯಿತು ಎನ್ನಬಹುದು. ಮಗನಿಗೆ ಈ ಉತ್ತರ ಸಾಕೆನಿಸದಿದ್ದರೆ ಅಕ್ಕ ಬರೆಯುವ ‘ಹಿಡಿಸದ ಒಂದು ಅಂಶ’ದಲ್ಲಿ ಅವನ ಪ್ರಶ್ನೆಯನ್ನೇ ಹಾಕಲಿ, ‘ತಮ್ಮ ಕೇಳಿದ್ದು’ ಎಂದು ಸೇರಿಸಿ.

— ಸಂಪಾದಕರು