ನಾಟಕದ ಸೌಂಡ್: ಹಚ್ಚೋದು ಒಂದು ಕ್ಯೂ, ಆರಿಸೋದು ಇನ್ನೊಂದು ಕ್ಯೂ

ಶರಣ್ರೀ ಅಣ್ಣಾರ. ಬೀದರ್‌ದಾಗ ನೀವು ಮಾಡೋ ನಾಟಕದಾಗ ಶರಣರು ಕಲ್ಯಾಣ ಬಿಟ್ಟು ಹೋಗೋ ದೃಶ್ಯಕ್ಕ ಮೊಬೈಲಿಂದ ಸೌಂಡ್ ಹಚ್ತೀವಿ, ಕುದುರಿ ಸದ್ದು ಮಾತಿನ ಮ್ಯಾಲೆ ಬೀಳ್ತದ, ಒಂದು ಮುಗಿದ ಕೂಡಲೆ ಮುಂದಿನ ಫೈಲ್ ತಾನೇ ಶುರು ಆಗ್ತದ, ಯಾವ ಸಾಫ್ಟ್‌ವೇರ್ ಛಲೋ ಅಂತ ಕೇಳೀರಿ.

ಮೊಬೈಲ್ ಪ್ಲೇಯರ್ ಹಾಡು ಕೇಳ್ಲಾಕ ಮಾಡಿದ್ದು, ಮುಂದಿನದು ಹಚ್ಚೋದೇ ಅದರ ಕೆಲಸ. ನಮಗ ಬೇಕಾದದ್ದು ಉಲ್ಟಾ: ನಾವು ಒತ್ತೋ ತನಕ ಸುಮ್ಮ ಕಾಯೋದು. ಹಂಗ ಒತ್ತಿ ಹಚ್ಚೋ, ಇಳಿಸೋ, ಆರಿಸೋ ಒಂದೊಂದು ಆಜ್ಞೆಗೆ ಕ್ಯೂ ಅಂತಾರ. ವಿಂಡೋಸ್ ಇದ್ರ ಮಲ್ಟಿಪ್ಲೇ, ಲಿನಕ್ಸ್ ಇದ್ರ ಲಿನಕ್ಸ್ ಶೋ ಪ್ಲೇಯರ್, ಎರಡೂ ಪುಕ್ಕಟೆ ಸಿಗ್ತಾವ. ಕ್ಯೂಲ್ಯಾಬ್ ಅನ್ನೋ ಇಂಥಾದ್ದೇ ಸಾಫ್ಟ್‌ವೇರ್ ಮ್ಯಾಕ್‌ಗೆ ಮಾತ್ರ. ಅದರ ಪುಕ್ಕಟೆ ಆವೃತ್ತಿಯೊಳಗ ಎರಡು ಚಾನೆಲ್ (ಸದ್ದು ಹೊರಗ ಹೋಗೋ ದಾರಿ) ಆಡಿಯೋ ಸಿಗ್ತದ, ನಿಮ್ಮ ನಾಟಕಕ್ಕ ಅಷ್ಟು ಸಾಕು.

ಆದ್ರ ಸಾಫ್ಟ್‌ವೇರ್ ಹಾಕೋಕಿಂತ ಮೊದಲು ಸ್ಕ್ರಿಪ್ಟ್ ಹಿಡ್ಕೊಂಡು ಕೂಡ್ರಿ. ಯಾವ ಮಾತಿನ ಯಾವ ಅಕ್ಷರಕ್ಕ ಸದ್ದು ಬರಬೇಕು, ಯಾವ ಮಾತಿಗೆ ಇಳೀಬೇಕು, ಯಾವಾಗ ಪೂರಾ ನಿಲ್ಲಬೇಕು, ಪೆನ್ಸಿಲಿನಿಂದ ಬರೀರಿ. ನಿಮ್ಮ ತೊಂದ್ರೆ ಎಲ್ಲಾ ಇಲ್ಲೇ ಅದ. ನೀವು ಹಚ್ಚೋದಷ್ಟೇ ಬರ್ಕೊಂಡೀರಿ, ನಿಲ್ಲಿಸೋದು ಆಪರೇಟರ್‌ನ ಕೈಗೆ ಬಿಟ್ಟೀರಿ. ಕುದುರಿ ಸದ್ದಿಗೆ ಮೂರು ಕ್ಯೂ ಮಾಡ್ರಿ: 10 ಶುರು, 20 ಮಾತಿನ ಕೆಳಗ ಇಳಿಸೋದು, 30 ಪೂರಾ ಆರಿಸೋದು. ನಂಬರ್ ಹತ್ತತ್ತು ಬಿಟ್ಟು ಹಾಕ್ರಿ. ರಿಹರ್ಸಲ್‌ದಾಗ ನಿರ್ದೇಶಕರು ನಡುವ ಒಂದು ಗಂಟಿ ಸದ್ದು ಬೇಕಂದ್ರ 15 ಹಾಕಬಹುದು, ಸ್ಕ್ರಿಪ್ಟ್‌ದಾಗಿನ ಉಳಿದ ನಂಬರ್ ತಿದ್ದೋದು ಬೇಕಾಗಲ್ಲ. ಕ್ಯೂಲ್ಯಾಬ್‌ದಾಗ 30ಕ್ಕ ಫೇಡ್ ಕ್ಯೂ (ಸದ್ದು ನಿಧಾನಕ್ಕ ಇಳಿಸೋದು) ಹಾಕೋವಾಗ, ಫೇಡ್ ಮುಗಿದ ಮ್ಯಾಲೆ ಮೂಲ ಸದ್ದೂ ನಿಲ್ಲಬೇಕು ಅನ್ನೋ ಟಿಕ್ ಹಾಕ್ರಿ. ಇಲ್ಲಂದ್ರ ಲೂಪ್, ಅಂದ್ರ ತಿರುಗಿ ತಿರುಗಿ ಬರೋ ಸದ್ದು, ಕೇಳಿಸದೇ ಒಳಗ ಓಡ್ತಾನೇ ಇರ್ತದ.

ಕ್ಯೂಲ್ಯಾಬ್‌ದಾಗ ಮುಂದಿನ ಕ್ಯೂ ತಾನೇ ಶುರು ಮಾಡೋ ಆಟೋ ಕಂಟಿನ್ಯೂ, ಆಟೋ ಫಾಲೋ ಎರಡೂ ಬ್ಯಾರೆ ಬ್ಯಾರೆ. ಮೊದಲನೇದು ಈ ಕ್ಯೂ ಶುರು ಆಗಿ ನೀವು ಹೇಳಿದಷ್ಟು ಸೆಕೆಂಡಿಗೆ ಮುಂದಿನದನ್ನ ಎಬ್ಬಿಸ್ತದ, ಎರಡನೇದು ಈ ಕ್ಯೂ ಪೂರಾ ಮುಗಿದ ಮ್ಯಾಲೆ. ಮಿಂಚಿನ ಹಿಂದೆ ಗುಡುಗು, ಅದರ ಹಿಂದೆ ಮಳಿ, ಇಂಥಾ ಕಡೆ ಬಳಸ್ರಿ. ನಟರ ಮಾತಿಗೆ ಕಟ್ಟಿದ ಸದ್ದಿಗೆ ಮಾತ್ರ ಬ್ಯಾಡ. ನಟ ಒಂದಿನ ಉಸಿರು ತಗೊಂಡು ಮಾತಾಡ್ತಾನ, ಒಂದಿನ ಓಡಸ್ತಾನ. ಅಲ್ಲಿ ಗೋ (ಮುಂದಿನ ಕ್ಯೂ ಹಚ್ಚೋ ಬಟನ್) ಒತ್ತೋ ಬೆರಳೇ ಬೇಕು.

ಇನ್ನ ನನಗ ಭಾಳ ಮುಖ್ಯ ಅನಸೋದು ಸ್ಪೀಕರ್ ಎಲ್ಲಿ ಇಡೋದು ಅಂತ. ಕುದುರಿ ಸದ್ದು ವಿಂಗಿನ (ರಂಗದ ಬದಿಯ ಪರದೆ) ಹಿಂದಿಂದ ಬರಬೇಕು, ನಿಮ್ದು ಪ್ರೇಕ್ಷಕರ ಮುಂದಿನ ಬಾಕ್ಸ್‌ದಿಂದ ಬರ್ತದ. ಎರಡೇ ಚಾನೆಲ್ ಇದ್ರೂ ಒಂದು ದಾರಿ ಅದ. ಸ್ಟೀರಿಯೋ ಬಿಡ್ರಿ, ಎಲ್ಲಾ ಫೈಲ್ ಮೋನೋ (ಒಂದೇ ಚಾನೆಲ್) ಮಾಡ್ರಿ. ಎಡ ಚಾನೆಲ್ ಮಿಕ್ಸರ್ ಮೂಲಕ ಮುಂದಿನ ಬಾಕ್ಸ್‌ಗೆ, ಬಲ ಚಾನೆಲ್ ವಿಂಗಿನ ಹಿಂದೆ ಇಟ್ಟ ಒಂದು ಪವರ್ಡ್ ಸ್ಪೀಕರ್‌ಗೆ (ಆಂಪ್ಲಿಫೈಯರ್ ಒಳಗೇ ಇರೋದು) ಕೊಡ್ರಿ. ಕುದುರಿ ಸದ್ದು ಬಲಕ್ಕ ಪ್ಯಾನ್ (ಆ ಚಾನೆಲ್ ಕಡೆ ತಿರುಗಿಸೋದು), ವಚನದ ಹಿನ್ನೆಲೆ ಸಂಗೀತ ಎಡಕ್ಕ. ಸೈನ್ಯ ಹತ್ರ ಬಂದಂಗ ಅನಸಬೇಕಂದ್ರ ನಿಧಾನಕ್ಕ ಬಲದಿಂದ ಎಡಕ್ಕ ತರ್ರಿ. ಇದನ್ನ ಒಮ್ಮೆ ಕೇಳಿದ್ರ ನೀವು ಹಳೇ ರೀತಿಗೆ ಹೋಗಲ್ಲ.

ಮಳಿಯಂಥ ಲೂಪ್ ಸದ್ದಿಗೆ ಎಂಪಿ3 ಬ್ಯಾಡ, ವೇವ್ ಫೈಲ್ ತಗೊರ್ರಿ. ಎಂಪಿ3 ಮಾಡೋವಾಗ ತುದಿಗೆ ಒಂಚೂರು ಮೌನ ಸೇರ್ತದ, ಲೂಪ್ ತಿರುಗೋ ಕಡೆ ಅದು ತಟ್ಟನೆ ಕೇಳ್ತದ. ಬಾಗಿಲು ಬಡಿಯೋದು, ಶಂಖ ಇಂಥಾವಕ್ಕ ಆಡಾಸಿಟಿ ಅನ್ನೋ ಆಡಿಯೋ ಎಡಿಟರ್‌ದಾಗ ಶುರುವಿನ ಖಾಲಿ ಜಾಗ ಕತ್ತರಿಸ್ರಿ. ವಾಲ್ಯೂಮ್ ಮನ್ಯಾಗ ಹೆಡ್‌ಫೋನ್ ಮ್ಯಾಲೆ ಗೊತ್ತು ಮಾಡಬ್ಯಾಡ್ರಿ. ಇಲ್ಲಿ ಕಲಬುರಗಿಯ ಪಂಡಿತ್ ರಂಗಮಂದಿರ ಇರ್ಲಿ, ನಿಮ್ಮಲ್ಲಿ ಪಟ್ಟದ್ದೇವರು ರಂಗಮಂದಿರ ಇರ್ಲಿ, ಖಾಲಿ ಹಾಲ್ ಗುಂಯ್ ಅಂತದ, ಮಂದಿ ತುಂಬಿದ ಮ್ಯಾಲೆ ಸದ್ದು ಹೀರ್ತದ.

ಲ್ಯಾಪ್‌ಟಾಪ್ ನೆಟ್ ಬಂದ್ ಮಾಡ್ರಿ, ವಿಂಡೋಸ್‌ನ ನೋಟಿಫಿಕೇಶನ್ ಸೌಂಡ್ ತೆಗೀರಿ, ಸ್ಲೀಪ್ ನೆವರ್‌ಗೆ ಇಡ್ರಿ. ಚಾರ್ಜರ್ ಹಾಕಿದ ಕೂಡಲೆ ಸ್ಪೀಕರ್‌ದಾಗ ಗುಂಯ್‌ಗುಟ್ಟಿದ್ರ ಲ್ಯಾಪ್‌ಟಾಪ್, ಮಿಕ್ಸರ್ ನಡುವ ಒಂದು ಡಿಐ ಬಾಕ್ಸ್ (ಸಿಗ್ನಲ್ ಹೊಂದಿಸೋ ಸಣ್ಣ ಡಬ್ಬಿ) ಹಾಕಿ, ಅದರ ಮ್ಯಾಲಿನ ಗ್ರೌಂಡ್ ಲಿಫ್ಟ್ (ಸಿಗ್ನಲ್ ತಂತಿಯ ಗ್ರೌಂಡ್ ಬಿಡಿಸೋ ಬಟನ್) ಒತ್ರಿ. ಎಲ್ಲಾ ಫೈಲ್ ಒಂದೇ ಫೋಲ್ಡರ್‌ದಾಗ ಇಟ್ಟು, ಪೂರಾ ಫೋಲ್ಡರನ್ನೇ ಇನ್ನೊಂದು ಲ್ಯಾಪ್‌ಟಾಪಿಗೆ ಕಾಪಿ ಮಾಡಿ ತೆಗೆದು ನೋಡ್ರಿ. ಕ್ಯೂ ಹಾಕಿದ ಮ್ಯಾಲೆ ನಿಮ್ಮ ಲಿಸ್ಟಿನ ಫೋಟೋ ಇಲ್ಲೇ ಹಾಕ್ರಿ, ಯಾವ ಫೇಡ್ ಎಷ್ಟು ಸೆಕೆಂಡ್ ಇರಬೇಕು ಅಂತ ಕೂಡಿ ನೋಡೋಣ.