ಕೆಲಸ ಬಿಡುವಾಗ ತರಬೇತಿಯ ಖರ್ಚು ಕೇಳಿದರೆ: ಗದಗಿನ ತಂಗಿಗೆ ಉತ್ತರ

ತಂಗಿ, ಅಕ್ಕ ಎಂದು ಕರೆದು ಬರೆದಿದ್ದೀಯ, ಆದ್ದರಿಂದ ನಾನೂ ನಿನ್ನನ್ನು ಏಕವಚನದಲ್ಲಿಯೇ ಮಾತನಾಡಿಸುತ್ತೇನೆ. ನೀನು ಗದಗಿನವಳು, ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಹನ್ನೊಂದು ತಿಂಗಳ ಹಿಂದೆ ಇಂಗ್ಲೆಂಡಿಗೆ ಬಂದು ವೃದ್ಧರನ್ನು ನೋಡಿಕೊಳ್ಳುವ ಒಂದು ಖಾಸಗಿ ನರ್ಸಿಂಗ್ ಹೋಮ್ ಸೇರಿದವಳು. ಈಗ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಿನಗೆ ಕೆಲಸ ಸಿಕ್ಕಿದೆ. ಆದರೆ ಮೂರು ವರ್ಷ ತುಂಬುವ ಮೊದಲು ಬಿಡುವುದಾದರೆ ನೇಮಕಾತಿ ಮತ್ತು ತರಬೇತಿಯ ವೆಚ್ಚವೆಂದು 8,400 ಪೌಂಡ್ ಕಟ್ಟಬೇಕು, ಕಟ್ಟದಿದ್ದರೆ ವೀಸಾ ರದ್ದು ಮಾಡಿಸಿ ಊರಿಗೆ ಕಳಿಸುತ್ತೇವೆ ಎಂದು ನಿನ್ನ ಮ್ಯಾನೇಜರ್ ಹೇಳಿದ್ದಾರೆ. ಇದರ ಜೊತೆಗೆ ಹುಬ್ಬಳ್ಳಿಯ ಏಜೆಂಟರ ಬಳಿ ನಿನ್ನ ತಾಯಿಯವರ ಸಹಿ ಇರುವ ಖಾಲಿ ಚೆಕ್ ಇದೆ. ಇಷ್ಟು ಹಣ ಕೊಡಲೇಬೇಕೆ, ಪರದೇಶದ ಬದುಕೆಂದರೆ ಹೀಗೆಯೇ ಇರುತ್ತದೆಯೇ ಎಂದು ಕೇಳಿದ್ದೀಯ.

ಆ ಮೊತ್ತವನ್ನು ಹೇಳಿದ ಹಾಗೆಯೇ ಕಟ್ಟಬೇಡ. ಏನನ್ನೂ ಕೊಡಬೇಕಾಗಿಲ್ಲ ಎಂದು ಹೇಳುವ ಗೆಳತಿಯರ ಮಾತನ್ನೂ ನಂಬಬೇಡ. ಆ 8,400 ಪೌಂಡ್ ಒಂದೇ ಸಾಲವಲ್ಲ. ಅದರೊಳಗೆ ನಿನ್ನಿಂದ ಕೇಳಬಹುದಾದ ಹಣ, ಕೇಳಲೇಬಾರದ ಹಣ ಮತ್ತು ನೀನು ದುಡಿದು ಈಗಾಗಲೇ ತೀರಿಸಿರುವ ಹಣ ಮೂರೂ ಕಲಸಿಕೊಂಡಿರುವ ಸಾಧ್ಯತೆ ಹೆಚ್ಚು. ಅವನ್ನು ಬೇರ್ಪಡಿಸುವುದೇ ನಿನ್ನ ಮುಂದಿರುವ ಕೆಲಸ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2003ರಲ್ಲಿ ಧಾರವಾಡ ಬಿಟ್ಟು ಇಲ್ಲಿಗೆ ಬಂದಾಗ ಈಗಿನ ಪ್ರಾಯೋಗಿಕ ಪರೀಕ್ಷೆ ಇರಲಿಲ್ಲ. ಹೊರದೇಶದ ನರ್ಸುಗಳು ಯಾವುದಾದರೂ ಸಂಸ್ಥೆಯಲ್ಲಿ ಕೆಲವು ತಿಂಗಳು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಮೇಲೆ ನೋಂದಣಿ ಸಿಗುತ್ತಿತ್ತು. ಅದಕ್ಕೆ ಅವಕಾಶ ಕೊಟ್ಟ ನರ್ಸಿಂಗ್ ಹೋಮ್ ಎರಡು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡಿತ್ತು. ಹದಿನಾರನೆಯ ತಿಂಗಳಲ್ಲಿ ಬಿಡುತ್ತೇನೆಂದಾಗ ಕೊನೆಯ ತಿಂಗಳ ಸಂಬಳವನ್ನು ಹಿಡಿದುಕೊಂಡು, ಮೇಲೆ 1,600 ಪೌಂಡ್ ಕೇಳಿದರು. ಆಗಿನ ಲೆಕ್ಕಕ್ಕೆ ಅದು ಒಂದೂಕಾಲು ಲಕ್ಷ ರೂಪಾಯಿಗೂ ಹೆಚ್ಚು. ಯಾವ ಬಾಬ್ತಿಗೆ ಎಷ್ಟು ಎಂದು ನಾನು ಒಂದು ಮಾತೂ ಕೇಳಲಿಲ್ಲ. ಸಹಿ ಹಾಕಿದ್ದೇನೆ, ಕೊಟ್ಟ ಮಾತಿಗೆ ತಪ್ಪಬಾರದು ಎಂಬುದೊಂದೇ ತಲೆಯಲ್ಲಿತ್ತು. ಕುಂದಗೋಳದ ಹತ್ತಿರ ನಮ್ಮ ಹೊಲದಲ್ಲಿ ಬೆಳೆದ ಒಣಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಹಾಕಿ ಬಂದ ಹಣವನ್ನು ನಮ್ಮ ಅಪ್ಪ ಕಳಿಸಿಕೊಟ್ಟರು. ಹದಿನಾರು ತಿಂಗಳು ರಾತ್ರಿ ಪಾಳಿ ಮಾಡಿದ್ದಕ್ಕೆ ಆ ಲೆಕ್ಕದಲ್ಲಿ ಒಂದು ಪೌಂಡನ್ನೂ ಕಳೆದಿರಲಿಲ್ಲ ಎಂಬುದು ನನಗೆ ಹೊಳೆದದ್ದು ವರ್ಷಗಳ ನಂತರ.

ನಮ್ಮ ಕಡೆ ಯುಗಾದಿಯಿಂದ ಯುಗಾದಿಗೆ ಸಂಬಳಕ್ಕೆ ಆಳು ಇಟ್ಟುಕೊಳ್ಳುವ ರೂಢಿ ನಿನಗೂ ಗೊತ್ತಿರಬೇಕು. ಮುಂಗಡ ಪಡೆದ ಆಳು ದೀಪಾವಳಿಗೆ ಬಿಟ್ಟು ಹೋದರೆ, ನ್ಯಾಯವಂತನಾದ ರೈತನು ದುಡಿದ ತಿಂಗಳುಗಳನ್ನು ಕಳೆದು ಉಳಿದದ್ದನ್ನು ಮಾತ್ರ ಕೇಳುತ್ತಾನೆ. ಇಲ್ಲಿನ ನಿಯಮಗಳ ತಿರುಳೂ ಇದಕ್ಕಿಂತ ಬಹಳ ಬೇರೆಯಲ್ಲ.

ಹೊರದೇಶಗಳಿಂದ ಆರೋಗ್ಯ ಸಿಬ್ಬಂದಿಯನ್ನು ಕರೆತರುವವರಿಗಾಗಿ ಬ್ರಿಟನ್ ಸರ್ಕಾರ ಹೊರಡಿಸಿರುವ ನೀತಿಸಂಹಿತೆಯು ಮರುಪಾವತಿಯ ಷರತ್ತನ್ನು ನಿಷೇಧಿಸಿಲ್ಲ. ಆದರೆ ಅದು ನಾಲ್ಕು ವಿಷಯಗಳನ್ನು ಕೇಳುತ್ತದೆ: ಷರತ್ತು ಮೊದಲೇ ಸ್ಪಷ್ಟವಾಗಿ ತಿಳಿದಿರಬೇಕು, ಮೊತ್ತವು ನಿಜವಾದ ಖರ್ಚಿಗೆ ತಕ್ಕಂತಿರಬೇಕು, ದುಡಿದ ಕಾಲವನ್ನು ಲೆಕ್ಕಕ್ಕೆ ಹಿಡಿಯಬೇಕು, ಬಿಡುವವರ ಕಷ್ಟವನ್ನು ನೋಡಿ ಸಡಿಲಿಸುವ ಮನಸ್ಸಿರಬೇಕು. ಇದು ಕಾನೂನಲ್ಲ, ಮಾರ್ಗಸೂಚಿ. ಆದರೂ ನಿನ್ನ ಪತ್ರದಲ್ಲಿ ಇದನ್ನು ಉಲ್ಲೇಖಿಸಿದರೆ ಓದುವವರ ಧ್ವನಿ ಬದಲಾಗುತ್ತದೆ.

ಕೇಳಲೇಬಾರದ ಹಣದ ವಿಷಯದಲ್ಲಿ ನಿಯಮ ಇನ್ನೂ ಗಟ್ಟಿಯಾಗಿದೆ. ಹೊರದೇಶದವರನ್ನು ಕರೆಸುವ ಸಂಸ್ಥೆಯು ಸರ್ಕಾರಕ್ಕೆ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕವನ್ನು ಕಟ್ಟುತ್ತದೆ. ದೊಡ್ಡ ಸಂಸ್ಥೆಗಳಿಗೆ ಇದು ನೀನು ಬಂದ ಕಾಲಕ್ಕೆ ವರ್ಷಕ್ಕೆ 1,000 ಪೌಂಡ್ ಇತ್ತು, 2025ರ ಡಿಸೆಂಬರಿನಿಂದ 1,320 ಆಗಿದೆ. ಅದನ್ನು ನೌಕರರಿಂದ ವಸೂಲು ಮಾಡುವಂತಿಲ್ಲ. 2024ರ ಡಿಸೆಂಬರ್ 31ರಿಂದ ಈಚೆಗೆ ಕೊಟ್ಟ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ನ (ವೀಸಾ ಅರ್ಜಿಗಾಗಿ ಸಂಸ್ಥೆಯು ಕೊಡುವ ದಾಖಲೆ) ಶುಲ್ಕವನ್ನೂ ನೌಕರರ ಮೇಲೆ ಹಾಕುವಂತಿಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಅದು 525 ಪೌಂಡ್ ಆಯಿತು. ಮೂರು ವರ್ಷದ ವೀಸಾಕ್ಕೆ, ವರ್ಷಕ್ಕೆ 1,000 ಪೌಂಡಿನ ಹಳೆಯ ದರದಲ್ಲಿಯೇ ಹಿಡಿದರೂ, ಇವೆರಡೇ ಸೇರಿ 3,525 ಪೌಂಡ್ ಆಗುತ್ತದೆ. ನಿನ್ನ 8,400ರಲ್ಲಿ ಇವು ಅಡಗಿದ್ದರೆ ಆ ಸಂಸ್ಥೆಯು ಹೊರದೇಶದವರನ್ನು ಕರೆಸಲು ಬೇಕಾದ ತನ್ನ ಸ್ಪಾನ್ಸರ್ ಪರವಾನಗಿಗೇ ಕುತ್ತು ತಂದುಕೊಳ್ಳುತ್ತಿದೆ. ನಿನ್ನನ್ನು ಹುಡುಕಿಕೊಟ್ಟಿದ್ದಕ್ಕೆ ಏಜೆಂಟರಿಗೆ ಅವರು ಕೊಟ್ಟ ಕಮಿಷನ್ನನ್ನೂ ನಿನ್ನ ತಲೆಗೆ ಕಟ್ಟುವುದು ಸರಿಯಲ್ಲ; ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಹಣ ಪಡೆಯಬಾರದು ಎಂಬುದು ಆ ನೀತಿಸಂಹಿತೆಯ ಮೂಲ ಮಾತು.

ಇನ್ನು ನಿಜವಾಗಿ ನಿನ್ನ ಮೇಲೆ ಆದ ಖರ್ಚಿಗೆ ಬರೋಣ. ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆಯ ಶುಲ್ಕ 794 ಪೌಂಡ್, ನರ್ಸುಗಳ ಮಂಡಳಿಯಾದ ಎನ್‌ಎಂಸಿಯ ನೋಂದಣಿ 153, ಆಗಿನ ವೀಸಾ ಶುಲ್ಕ 304. ವಿಮಾನದ ಟಿಕೆಟ್ 600 ಎಂದು ಹಿಡಿದರೆ ಒಟ್ಟು 1,851 ಪೌಂಡ್. ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯ 83 ಪೌಂಡನ್ನೂ ಇಂಗ್ಲಿಷ್ ಪರೀಕ್ಷೆಯ ಹಣವನ್ನೂ ಗದಗಿನಲ್ಲಿದ್ದಾಗ ನೀನೇ ಕಟ್ಟಿದ್ದೆ ಎಂದು ಬರೆದಿದ್ದೀಯ. ಆ ರಸೀದಿಗಳನ್ನು ತೆಗೆದಿಡು, ಏಕೆಂದರೆ ನೌಕರರು ತಾವೇ ಕೊಟ್ಟ ಹಣವು ಮತ್ತೆ ಸಂಸ್ಥೆಯ ಪಟ್ಟಿಯಲ್ಲಿ ಕಾಣಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ನೋಟಿಸ್ ಅವಧಿ ಮುಗಿಯುವಾಗ ನಿನಗೆ ಹನ್ನೆರಡು ತಿಂಗಳು ತುಂಬಿರುತ್ತದೆ. ಮೂವತ್ತಾರರಲ್ಲಿ ಹನ್ನೆರಡು ಕಳೆದರೆ ಉಳಿಯುವುದು ಮೂರರಲ್ಲಿ ಎರಡು ಪಾಲು, ಅಂದರೆ 1,234 ಪೌಂಡ್. 8,400 ಎಲ್ಲಿ, ಇದೆಲ್ಲಿ! ಉಳಿದದ್ದನ್ನು ತರಬೇತಿ ಎಂದು ತೋರಿಸಿದರೆ ಯಾವ ತರಬೇತಿ, ಎಷ್ಟು ದಿನ, ಯಾರು ಕೊಟ್ಟರು ಎಂದು ಕೇಳು. ರೋಗಿಯನ್ನು ಎತ್ತಿ ಮಲಗಿಸುವುದು, ಬೆಂಕಿಯಿಂದ ರಕ್ಷಣೆ, ಸೋಂಕು ತಡೆ ಇವುಗಳ ಪಾಠವಿಲ್ಲದೆ ಅವರು ಯಾರನ್ನೂ ಆ ಕೆಲಸಕ್ಕೆ ನಿಲ್ಲಿಸುವಂತಿಲ್ಲ. ಅದು ಅವರ ವ್ಯವಹಾರದ ಖರ್ಚೇ ಹೊರತು ನಿನಗೆ ಮಾಡಿದ ಉಪಕಾರವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯ ಸಂಬಳದಲ್ಲಿ ಮುರಿದುಕೊಳ್ಳುವ ವಿಷಯವನ್ನು ಗಮನವಿಟ್ಟು ಓದು. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆಕ್ಟ್ ಪ್ರಕಾರ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಅಥವಾ ನೀನು ಮೊದಲೇ ಬರವಣಿಗೆಯಲ್ಲಿ ಒಪ್ಪಿದ್ದರೆ ಮಾತ್ರ ಇಂತಹ ಹಣವನ್ನು ಸಂಬಳದಲ್ಲಿ ಮುರಿಯಬಹುದು. ಕಡ್ಡಾಯ ತರಬೇತಿಯ ಹೆಸರಿನಲ್ಲಿ ಮುರಿದು ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಈಗ ಅವಸರದಲ್ಲಿ ಹೊಸ ಕಾಗದವೊಂದನ್ನು ಮುಂದಿಟ್ಟು ಸಹಿ ಕೇಳಿದರೆ ಹಾಕಬೇಡ; ಮನೆಗೆ ಒಯ್ದು ಓದುತ್ತೇನೆ ಎಂದು ಹೇಳು. ಅನ್ಯಾಯವಾಗಿ ಮುರಿದುಕೊಂಡರೆ ಉದ್ಯೋಗದ ತಕರಾರು ಕೇಳುವ ಟ್ರಿಬ್ಯುನಲ್‌ಗೆ ಹೋಗುವ ದಾರಿಯಿದೆ. ಅದಕ್ಕೆ ಮುಂಚೆ ಏಕಾಸ್ ಎಂಬ ಸಂಸ್ಥೆಯ ಮೂಲಕ ರಾಜಿಯ ಪ್ರಯತ್ನಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಹಣ ಮುರಿದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ ಎಂಬ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೋ.

ವೀಸಾದ ಬೆದರಿಕೆ ನಿನ್ನ ನಿದ್ದೆ ಕೆಡಿಸಿದೆ ಎಂದು ಬರೆದಿದ್ದೀಯ. ನೀನು ಕೆಲಸ ಬಿಟ್ಟ ಸಂಗತಿಯನ್ನು ಅವರು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಲೇಬೇಕು, ಅದು ಅವರ ಕರ್ತವ್ಯ. ಆದರೆ ಹಣದ ತಕರಾರಿಗಾಗಿ ವೀಸಾ ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಹೊಸ ವೀಸಾ ಕೈಗೆ ಬರುವ ಮೊದಲೇ ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನಗಳ ಅವಕಾಶವಷ್ಟೇ ಉಳಿಯುತ್ತದೆ. ಆದ್ದರಿಂದ ಹೊಸ ಆಸ್ಪತ್ರೆಯು ಸರ್ಟಿಫಿಕೇಟ್ ಕೊಟ್ಟು, ಅದರ ಮೇಲೆ ನೀನು ಹಾಕಿದ ಅರ್ಜಿ ಮಂಜೂರಾಗುವವರೆಗೆ ರಾಜೀನಾಮೆ ಬರೆಯಬೇಡ.

ಹಾಗೆಂದು ಏನೂ ಕೊಡದೆ, ಪತ್ರಗಳಿಗೆ ಉತ್ತರಿಸದೆ ಹೊರಟುಹೋಗಬೇಡ. ಅವರು ಸಿವಿಲ್ ಕೋರ್ಟಿಗೆ ಹೋಗಬಹುದು. ತೀರ್ಪು ನಿನ್ನ ವಿರುದ್ಧವಾಗಿ, ಒಂದು ತಿಂಗಳಲ್ಲಿ ಹಣ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿದು, ಬಾಡಿಗೆ ಮನೆಗೂ ಬ್ಯಾಂಕಿನ ಸಾಲಕ್ಕೂ ಅಡ್ಡಿಯಾಗುತ್ತದೆ. ನಮ್ಮ ದೇಶದಲ್ಲಿಯೂ ಬಾಂಡ್ ಎಂದರೆ ಬರೀ ಕಾಗದ ಎಂಬ ಮಾತು ನಿಜವಲ್ಲ. ಮೂರು ವರ್ಷಕ್ಕೆ ಮುಂಚೆ ಬಿಟ್ಟ ಸರ್ಕಾರಿ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಎರಡು ಲಕ್ಷ ರೂಪಾಯಿ ಪಡೆಯುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ಈ ವಾರವೇ ಎಚ್‌ಆರ್ ವಿಭಾಗಕ್ಕೆ ಒಂದು ಇಮೇಲ್ ಬರೆ. ಮ್ಯಾನೇಜರ್ ಜೊತೆ ಬಾಯಿಮಾತಿನಲ್ಲಿ ಮುಗಿಸಬೇಡ. ರಾಜೀನಾಮೆಯ ಮಾತು ಎತ್ತದೆ, ಕರಾರಿನ ಪ್ರಕಾರ ನನ್ನ ಮೇಲೆ ಆಗಿರುವ ವೆಚ್ಚಗಳ ಬಾಬ್ತುವಾರು ವಿವರ, ರಸೀದಿಗಳ ಪ್ರತಿ ಮತ್ತು ನಾನು ಕೆಲಸ ಮಾಡಿದ ತಿಂಗಳುಗಳಿಗೆ ಕಡಿತ ಮಾಡಿದ ಲೆಕ್ಕ ಬೇಕು ಎಂದಷ್ಟೇ ಕೇಳು. ಉತ್ತರ ಬಂದ ಮೇಲೆ ನ್ಯಾಯವಾದ ಮೊತ್ತವನ್ನು ಕಂತುಗಳಲ್ಲಿ ಕೊಡುತ್ತೇನೆಂದು ನೀನೇ ಮುಂದಾಗಿ ಬರೆ. ಹೊಸ ಆಸ್ಪತ್ರೆಯವರಿಗೂ ವಿಷಯ ತಿಳಿಸು. ಕೆಲವರು ಒಂದು ಪಾಲನ್ನು ತಾವೇ ಭರಿಸುತ್ತಾರೆ. ಆರ್‌ಸಿಎನ್ ಅಥವಾ ಯೂನಿಸನ್ ಎಂಬ ನೌಕರರ ಸಂಘದ ಸದಸ್ಯತ್ವ ಇನ್ನೂ ಪಡೆದಿಲ್ಲದಿದ್ದರೆ ಇಂದೇ ಪಡೆ. ಇದನ್ನೆಲ್ಲ 2004ರಲ್ಲಿ ಯಾರಾದರೂ ನನಗೆ ಹೇಳಿದ್ದರೆ ಅಪ್ಪನ ಆ ವರ್ಷದ ಬೆಳೆ ಮನೆಯಲ್ಲಿಯೇ ಉಳಿಯುತ್ತಿತ್ತು.

ಪರದೇಶದ ಬದುಕು ಹೀಗೆಯೇ ಇರುತ್ತದೆಯೇ ಎಂಬ ಪ್ರಶ್ನೆಗೆ, ಇಲ್ಲ ಎಂದೇ ಹೇಳುತ್ತೇನೆ. ಆ ನರ್ಸಿಂಗ್ ಹೋಮ್ ಬಿಟ್ಟ ಮೇಲೆ ಸೇರಿದ ಆಸ್ಪತ್ರೆಯಲ್ಲಿ ನನ್ನ ಮುಂದಿನ ಓದಿನ ಖರ್ಚನ್ನು ಅವರೇ ಕೊಟ್ಟರು. ಮರುಪಾವತಿಯ ಷರತ್ತು ಅಲ್ಲಿಯೂ ಇತ್ತು, ಆದರೆ ಒಂದು ಪುಟದಲ್ಲಿ, ತಿಂಗಳು ತಿಂಗಳಿಗೆ ಎಷ್ಟು ಇಳಿಯುತ್ತದೆ ಎಂಬ ಕೋಷ್ಟಕದೊಂದಿಗೆ ಇತ್ತು.

ಊರಿನ ಚೆಕ್ಕಿನ ವಿಷಯವನ್ನು ತಡಮಾಡಬೇಡ. ಚೆಕ್ ಮರಳಿಸಬೇಕೆಂದೂ, ಅದನ್ನು ಯಾವ ಸಾಲಕ್ಕೂ ಕೊಟ್ಟಿದ್ದಲ್ಲವೆಂದೂ ಚೆಕ್ಕಿನ ಸಂಖ್ಯೆ ಸಹಿತ ಒಂದು ಪತ್ರವನ್ನು ತಾಯಿಯವರು ಏಜೆಂಟರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪ್ರತಿಯನ್ನೂ ರಸೀದಿಯನ್ನೂ ಇಟ್ಟುಕೊಳ್ಳಲಿ. ಅವರು ಚೆಕ್ ಹಾಕಿ, ಅದು ಬೌನ್ಸ್ ಆಗಿ ವಕೀಲರ ನೋಟಿಸ್ ಬಂದರೆ ಹದಿನೈದು ದಿನಗಳ ಗಡುವು ಇರುತ್ತದೆ; ಆ ನೋಟಿಸನ್ನು ಕಪಾಟಿನಲ್ಲಿ ಇಟ್ಟು ಮರೆಯುವಂತಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಗದಗ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ವಿಚಾರಿಸಿ, ನೋಟಿಸ್ ಬರುವವರೆಗೆ ಕಾಯದೆ, ಆ ಪತ್ರವನ್ನು ಅವರಿಂದಲೇ ಬರೆಸಿಕೊಳ್ಳಲು ತಾಯಿಯವರಿಗೆ ಹೇಳು. ಎಚ್‌ಆರ್‌ನಿಂದ ಲೆಕ್ಕ ಬಂದ ದಿನ ನನಗೂ ಕಳಿಸು, ಇಬ್ಬರೂ ಕುಳಿತು ಸಾಲು ಸಾಲಾಗಿ ನೋಡೋಣ.