ಗಾರೆ ಇಲ್ಲದ ಮನೆಗಳ ಊರು

ಪ್ರಶ್ನೆ: ಸರ್, ಇಟಲಿಯ ಆಲ್ಬೆರೊಬೆಲ್ಲೊ ಅನ್ನೋ ಊರಿನ ಫೋಟೋ ವಾಟ್ಸಾಪಲ್ಲಿ ಬಂತು, ಮನೆಗಳ ಮೇಲೆಲ್ಲ ಟೋಪಿ ಇಟ್ಟಂಗಿದೆ. ಟ್ಯಾಕ್ಸ್ ತಪ್ಪಿಸ್ಕೊಳ್ಳೋಕೆ ಜನ ಹಂಗೆ ಕಟ್ಟಿದ್ರಂತೆ, ನಿಜಾನಾ?
- ಒಬ್ಬ ಓದುಗ, ದಾವಣಗೆರೆ

ಉತ್ತರ: ಟ್ಯಾಕ್ಸ್ ಕಥೆ ನಿಜಾನೇ, ಆದ್ರೆ ತಪ್ಪಿಸ್ಕೊಂಡಿದ್ದು ಜನ ಅಲ್ಲ, ಅವರ ಧಣಿ. ಊರು ಇರೋದು ದಕ್ಷಿಣ ಇಟಲಿಯ ಪುಲಿಯಾದಲ್ಲಿ, ಆಗ ಅದು ನೇಪಲ್ಸ್ ರಾಜ್ಯ. ಕಾನ್ವರ್ಸಾನೊದ ಕೌಂಟ್‌ಗಳು, ಅಂದ್ರೆ ನಮ್ಮ ಪಾಳೇಗಾರರ ಥರ ಅನ್ಕೊಳ್ಳಿ, ಇಲ್ಲಿನ ಕಾಡು ಕಡಿಸಿ ಒಕ್ಕಲು ಕೂರಿಸಿದ್ರು. ಹೊಸ ಊರು ಕಟ್ಟಬೇಕಂದ್ರೆ ರಾಜನ ಅಪ್ಪಣೆ ಬೇಕು, ಕಂದಾಯಾನೂ ಕಟ್ಟಬೇಕು. ಅದಕ್ಕೇ ಧಣಿ ಒಕ್ಕಲಿಗೆ ಹೇಳಿದ್ದು, ಗಾರೆ ಹಾಕ್ಬೇಡಿ, ಬರೀ ಕಲ್ಲು ಪೇರಿಸಿ ಅಂತ. ರಾಜನ ಕಡೆಯವರು ನೋಡೋಕೆ ಬಂದ್ರೆ ಬೇಗ ಕೆಡವಿ ಹಾಕಿ ಇಲ್ಲಿ ಊರೇ ಇಲ್ಲ ಅನ್ನಬಹುದಲ್ಲ! ದುಡ್ಡು ಉಳಿದಿದ್ದು ಧಣಿಗೆ, ಯಾವಾಗ ಸೂರು ಬೀಳುತ್ತೋ ಅಂತ ಮಲಗಿದ್ದು ಒಕ್ಕಲು. ಕೊನೆಗೆ ಊರಿನವರೇ ರಾಜ 4ನೇ ಫರ್ಡಿನಾಂಡ್ ಹತ್ರ ದೂರು ಒಯ್ದು, 1797ರಲ್ಲಿ ಧಣಿಯ ಕೈಯಿಂದ ಬಿಡಿಸ್ಕೊಂಡ್ರು.

ಹಾಗಂತ ಬರೀ ಟ್ಯಾಕ್ಸಿಂದಾನೇ ಈ ಮನೆ ಹುಟ್ಟಿದ್ದು ಅನ್ನೋಕಾಗಲ್ಲ. ಅಲ್ಲಿ ನೆಲ ಅಗೆದ್ರೆ ಸುಣ್ಣಕಲ್ಲೇ, ಉಳೋಕೆ ಮುಂಚೆ ಕಲ್ಲು ಆರಿಸಲೇಬೇಕು, ಆರಿಸಿದ ಕಲ್ಲಲ್ಲೇ ಗೋಡೆ. ಇದಕ್ಕೆ ಟ್ರುಲ್ಲೊ ಅಂತಾರೆ. ಒಂದು ಸುತ್ತು ಕಲ್ಲಿನ ಮೇಲೆ ಇನ್ನೊಂದು ಸುತ್ತು ಸ್ವಲ್ಪ ಒಳಗೆ ಸರಿಸಿ ಇಡ್ತಾ ಹೋದ್ರೆ ಮೇಲೆ ಬಾಯಿ ಕಿರಿದಾಗ್ತಾ ಬಂದು ತಾನೇ ಮುಚ್ಚಿಕೊಳ್ಳುತ್ತೆ, ಹೊರಗಡೆ ಚಪ್ಪಡಿ ಹೊದಿಸಿದ್ರೆ ಮಳೆ ನೀರು ಜಾರಿಹೋಗುತ್ತೆ. ಗೋಡೆ ಸಿಕ್ಕಾಪಟ್ಟೆ ದಪ್ಪ, ಕಿಟಕಿ ಪುಟ್ಟದು, ಬೇಸಿಗೆಲಿ ಒಳಗೆ ತಂಪು. ಇನ್ನೊಂದು ರೂಮ್ ಬೇಕಾ, ಪಕ್ಕದಲ್ಲಿ ಇನ್ನೊಂದು ಟೋಪಿ, ಅಷ್ಟೇ.

ಪ್ರಶ್ನೆ: ಅದೇ ಊರಿಗೆ ಹೋದ್ರೆ ಏನೇನು ನೋಡ್ಬೇಕು? ಎಷ್ಟು ದಿನ ಇರ್ಬೇಕು?
- ಒಬ್ಬ ಓದುಗಿ, ಶಿವಮೊಗ್ಗ

ಉತ್ತರ: ಒಂದು ದಿನ ಸಾಕು ಮೇಡಂ. ಬಾರಿ ಅನ್ನೋ ಪೇಟೆಯಿಂದ ರೈಲಿದೆ, ನಿಧಾನದ ರೈಲು, ಆಲಿವ್ ತೋಟಗಳ ಮಧ್ಯೆ ಹೋಗುತ್ತೆ. ಮೋಂತಿ ಅನ್ನೋ ಬೀದಿಗಳಲ್ಲಿ ಸುಮಾರು 1000 ಟ್ರುಲ್ಲೊ ಇವೆ, ಆದ್ರೆ ಮುಕ್ಕಾಲು ಪಾಲು ಅಂಗಡಿ, ಮ್ಯಾಗ್ನೆಟ್ಟು, ನೂಕುನುಗ್ಗಲು. ನನ್ನ ಕೇಳಿದ್ರೆ ಎದುರುಗಡೆ ಗುಡ್ಡದ ಐಯಾ ಪಿಕ್ಕೊಲಾ ಕಡೆ ಹೋಗಿ, ಅಲ್ಲಿ ಇನ್ನೂ ಜನ ವಾಸ ಇದ್ದಾರೆ, ಬಟ್ಟೆ ಒಣಹಾಕಿರ್ತಾರೆ. ಎರಡು ಅಂತಸ್ತಿನ ಟ್ರುಲ್ಲೊ ಸೊವ್ರಾನೊ ಈಗ ಮ್ಯೂಸಿಯಂ, ಒಳಗೆ ಹೋಗಿ ನೋಡಿ. ಸಂತ ಆಂಥೋನಿ ಚರ್ಚು ಕೂಡ ಟ್ರುಲ್ಲೊ ಆಕಾರದ್ದೇ, ಆದ್ರೆ 1927ರದ್ದು, ಹಳೇದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಕಾಸಾ ದಾಮೋರೆ ಅನ್ನೋ ಮನೆ ಮಾತ್ರ ಬಿಡಬೇಡಿ. ನೋಡೋಕೆ ಸಾದಾ ಮನೆ, ಟೋಪಿನೂ ಇಲ್ಲ, ಫೋಟೋ ತೆಗೆಯೋರೂ ಕಮ್ಮಿ. 1797ರಲ್ಲಿ ಧಣಿ ಕಾಟ ತಪ್ಪಿದ ಮೇಲೆ ಊರಲ್ಲಿ ಮೊದಲು ಗಾರೆ ಹಾಕಿ ಕಟ್ಟಿದ ಮನೆ ಅದು.